ಡ್ರಮ್ಮಿಗೆ ಹೋದ ಕರಿ ಎಣ್ಣೆ

ಹೋದ ಶನಿವಾರ ಸ್ಕೂಟರನ್ನು ಸರ್ವಿಸ್‌ಗೆ ಒಯ್ದಿದ್ದೆ. ಏಳನೇ ಕ್ಲಾಸಿನ ಮೊಮ್ಮಗಳೂ ಜೊತೆಗಿದ್ದಳು. ಮೆಕ್ಯಾನಿಕ್ ಕೆಳಗಿನ ನಟ್ಟು ಬಿಚ್ಚಿದ ಕೂಡಲೇ ಕಾಡಿಗೆಯಂಥ ಎಣ್ಣೆ ತಟ್ಟೆಗೆ ಸುರಿಯಿತು.

"ತಾತ, ಹೋದ ಸಲ ಹಾಕುವಾಗ ಜೇನಿನ ಬಣ್ಣ ಇತ್ತಲ್ಲ? ಸವೆದುಹೋಯ್ತಾ?"

ಸವೆಯುವುದಕ್ಕಿಂತ ಹೆಚ್ಚಾಗಿ ಅದು ಕೊಳೆಯಾಗುತ್ತದೆ, ಮಕ್ಕಳೇ. ಎಂಜಿನ್ನಿನ ಮಸಿ, ಲೋಹದ ಪುಡಿ, ನೀರಿನ ಪಸೆ ಎಲ್ಲ ಅದರೊಳಗೆ ಸೇರಿಕೊಳ್ಳುತ್ತವೆ. ಉರಿಯುವ ಶಕ್ತಿ ಮಾತ್ರ ಹೋಗುವುದಿಲ್ಲ. ಒಂದು ಕೆ.ಜಿ. ಸುಟ್ಟರೆ ಸುಮಾರು 10,000 ಕಿಲೋಕ್ಯಾಲರಿ ಶಾಖ. ಅಷ್ಟೇ ತೂಕದ ಒಣ ಸೌದೆಗಿಂತ ಎರಡು ಪಟ್ಟಿಗೂ ಹೆಚ್ಚು. ಅದಕ್ಕೇ ಕಾರ್ಖಾನೆಯವರಿಗೆ ಇದರ ಮೇಲೆ ಕಣ್ಣು. ಬಾಯ್ಲರ್ ಎಂದರೆ ನೀರು ಕಾಯಿಸಿ ಹಬೆ ಮಾಡುವ ದೊಡ್ಡ ಹಂಡೆ ಎಂದುಕೊಳ್ಳಿ. ಫರ್ನೇಸ್ ಆಯಿಲ್ ಉರಿಸುವ ಕಡೆ ಈ ಎಣ್ಣೆಯನ್ನೂ ಉರಿಸಬಹುದು.

ಹಾಗೆಂದು ಸುರಿದು ಕಡ್ಡಿ ಗೀರುವಂತಿಲ್ಲ. ದೀಪದ ಎಣ್ಣೆಗೆ ನೀರು ಸೇರಿದರೆ ಏನಾಗುತ್ತದೆ, ಅಜ್ಜಿಯನ್ನು ಕೇಳಿ. ಮೊದಲು ತೊಟ್ಟಿಯಲ್ಲಿ ಬೆಚ್ಚಗೆ ಮಾಡಿ ಬಿಟ್ಟರೆ ನೀರು, ಗಸಿ ತಳಕ್ಕಿಳಿಯುತ್ತವೆ. ಆಮೇಲೆ ಸೋಸಬೇಕು, ಗಿರಗಿರನೆ ತಿರುಗಿಸಿ ಉಳಿದ ಕೊಳೆ ಬೇರ್ಪಡಿಸಬೇಕು, ಸೀಸ ಎಷ್ಟಿದೆಯೆಂದು ಪರೀಕ್ಷಿಸಬೇಕು. ಇಷ್ಟು ಮಾಡದೆ ಉರಿಸಿದರೆ ಬೂದಿ ಬಾಯ್ಲರಿನ ಕೊಳವೆಗಳಿಗೆ ಅಂಟುತ್ತದೆ. ಸೀಸದಂಥ ವಿಷ ಹೊಗೆಯ ಜೊತೆ ಅಕ್ಕಪಕ್ಕದವರ ಎದೆಗೂಡಿಗೆ. ಉಳಿತಾಯ ಅವರದು, ಖರ್ಚು ಊರಿನದು. ನನ್ನನ್ನು ಕೇಳಿದರೆ, ಸುಡುವುದಕ್ಕಿಂತ ಪೂರ್ತಿ ಶುದ್ಧಮಾಡಿ ಮತ್ತೆ ಎಂಜಿನ್ ಎಣ್ಣೆಯನ್ನೇ ಮಾಡುವುದು ಮೇಲು. ಅದೂ ಆಗುತ್ತದೆ.

"ನಿನ್ನ ಹಳೇ ಮೋಟಾರ್‌ಸೈಕಲ್ಲಿನ ಎಣ್ಣೆ ಏನು ಮಾಡ್ತಿದ್ದೆ ತಾತ?"

ಗೆದ್ದಲಿಗೆ ಒಳ್ಳೆಯದೆಂದು ಗೇಟಿನ ಕಂಬದ ಬುಡಕ್ಕೆ ಸುರಿಯುತ್ತಿದ್ದೆ, ವರ್ಷಗಟ್ಟಲೆ. ಬಾವಿ ಅಲ್ಲಿಂದ ಹತ್ತೇ ಹೆಜ್ಜೆ. ಒಂದು ಗ್ಯಾಲನ್, ಅಂದರೆ ನಾಲ್ಕು ಲೀಟರಿಗೆ ಸ್ವಲ್ಪ ಕಡಿಮೆ, ಇಂಥ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎನ್ನುತ್ತದೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ. ಬ್ಯಾಂಕಿನಲ್ಲಿ ಪೈಸೆ ತಾಳೆಯಾಗದೆ ಮನೆಗೆ ಹೋಗದವನು ನಾನು. ಈ ಲೆಕ್ಕ ಮಾತ್ರ ಹಾಕಿರಲಿಲ್ಲ. ಆ ಬಾವಿಯ ನೀರನ್ನೇ ನಾವೆಲ್ಲ ಕುಡಿದೆವು. ಮೊಮ್ಮಗಳ ಅಪ್ಪನೂ.

ಮೆಕ್ಯಾನಿಕ್ ತಟ್ಟೆಯ ಎಣ್ಣೆಯನ್ನು ಡ್ರಮ್ಮಿಗೆ ಸುರಿದ. ತುಂಬಿದಾಗ ಯಾರೋ ಬಂದು ದುಡ್ಡು ಕೊಟ್ಟು ಒಯ್ಯುತ್ತಾರಂತೆ. ಎಲ್ಲಿಗೆ? "ಗೊತ್ತಿಲ್ಲ ಸಾರ್." 2016ರ ಅಪಾಯಕಾರಿ ತ್ಯಾಜ್ಯ ನಿಯಮದಂತೆ ಅದು ಪರವಾನಗಿ ಇರುವವರಿಗೇ ಹೋಗಬೇಕು. "ರಸೀದಿ ಕೊಡ್ತಾರೇನಪ್ಪ?" ಅಂದೆ. ನಕ್ಕ.

ಮುಂದಿನ ಸರ್ವಿಸ್ ದಿನಕ್ಕೆ ಮೊಮ್ಮಗಳು ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾಳೆ: "ಡ್ರಮ್ ಯಾರು ಒಯ್ದರು? ಕೇಳಬೇಕು."