ಯಂತ್ರ ಬಂದಿದೆ, ತರಬೇತಿಯೂ ಬರಲಿ

ರಾಜ್ಯದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,



ಚಳಿಗಾಲ ಬಂತೆಂದರೆ ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಭಯ ಶುರುವಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಾಣಿಸಿಕೊಂಡ ಈ ರೋಗ ಉಣುಗು ಕಚ್ಚಿದರೆ ಬರುತ್ತದೆಂದು ಅಲ್ಲಿನ ಮಕ್ಕಳಿಗೂ ಗೊತ್ತು. ಆದರೆ ಇದೇ ವೈರಸ್ ಪ್ರಯೋಗಾಲಯದೊಳಗೆ ಕೆಲಸ ಮಾಡುವವರಿಗೂ ತಗುಲಿದ ದಾಖಲೆಗಳಿವೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಹಲವು ವರ್ಷ ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ದುಡಿದು, ಕಿರಿಯರಿಗೆ ಕೆಲಸ ಕಲಿಸಿದ ನಾನು ಅವರ ಪರವಾಗಿ ಬರೆಯುತ್ತಿದ್ದೇನೆ.

ಕೋವಿಡ್ ನಂತರ ಜಿಲ್ಲೆ ಜಿಲ್ಲೆಗೂ ಒಳ್ಳೆಯ ಯಂತ್ರಗಳು ಬಂದಿವೆ. ಅದಕ್ಕೆ ಸರ್ಕಾರವನ್ನು ಅಭಿನಂದಿಸಲೇಬೇಕು. ಈಗ ಆ ಯಂತ್ರದ ಮುಂದೆ ಕೂರುವವರತ್ತ ನೋಡಿ. ಜೈವಿಕ ಸುರಕ್ಷತಾ ಕ್ಯಾಬಿನೆಟ್ಟಿನ ಮುಂಭಾಗದಲ್ಲಿ ಸಣ್ಣ ಸಣ್ಣ ರಂಧ್ರಗಳ ಒಂದು ಪಟ್ಟಿ ಇರುತ್ತದೆ. ಹೊರಗಿನ ಗಾಳಿಯನ್ನು ಅದು ಕೆಳಕ್ಕೆ ಎಳೆದುಕೊಳ್ಳುವುದರಿಂದಲೇ ಒಳಗಿನ ರೋಗಾಣು ಟೆಕ್ನಿಷಿಯನ್ ಮುಖಕ್ಕೆ ಬರುವುದಿಲ್ಲ. ಅದರ ಮೇಲೆ ರಿಜಿಸ್ಟರ್ ಇಟ್ಟು ಬರೆಯುವವರನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಅದು ಅವರ ತಪ್ಪಲ್ಲ. ಆ ರಂಧ್ರಗಳು ಯಾಕಿವೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಹಾಗೆಯೇ ಸೆಂಟ್ರಿಫ್ಯೂಜ್ ತಿರುಗುವಾಗ ಒಳಗೆ ಟ್ಯೂಬ್ ಒಡೆದ ಸದ್ದು ಕೇಳಿದರೆ ಗಾಬರಿಯಲ್ಲಿ ತಕ್ಷಣ ಮುಚ್ಚಳ ತೆಗೆಯುತ್ತಾರೆ. ಯಂತ್ರ ನಿಲ್ಲಿಸಿ, ಎದ್ದ ಸೂಕ್ಷ್ಮ ಹನಿಗಳು ಕೆಳಗೆ ಕೂರಲೆಂದು ಅರ್ಧ ಗಂಟೆ ಮುಚ್ಚಿಯೇ ಇಡಬೇಕು. ಗೋಡೆಗೆ ಅಂಟಿಸಿದ ಸೂಚನೆ ಓದಿ ಇದು ಕೈಗೆ ಬರುವುದಿಲ್ಲ; ಬಣ್ಣದ ನೀರು ಚೆಲ್ಲಿ, ಟ್ಯೂಬ್ ಒಡೆದು, ಮತ್ತೆ ಮತ್ತೆ ಮಾಡಿಸಿದರೆ ಬರುತ್ತದೆ.

ಒಳ್ಳೆಯ ಕಟ್ಟಡವಿದ್ದರೆ ಸಾಕೆನ್ನುವವರಿಗೆ 2004ರ ಬೀಜಿಂಗ್ ನೆನಪಿಸಬೇಕು. ಚೀನಾದ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ ಸಾರ್ಸ್ ವೈರಸ್ಸನ್ನು ಸರಿಯಾಗಿ ನಿಷ್ಕ್ರಿಯಗೊಳಿಸದೆ ಸಾಮಾನ್ಯ ಕೊಠಡಿಗೆ ತಂದು ಕೆಲಸ ಮಾಡಿದರು. ಸೋಂಕು ತಗುಲಿದ ವಿದ್ಯಾರ್ಥಿನಿಯೊಬ್ಬರ ಆರೈಕೆಗೆ ನಿಂತ ತಾಯಿಯೇ ಅದಕ್ಕೆ ಬಲಿಯಾದರು.

ನಮ್ಮಲ್ಲಿ ಕಾನೂನಿಗೇನೂ ಕೊರತೆಯಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, ಈ ತ್ಯಾಜ್ಯ ಮುಟ್ಟುವ ಪ್ರತಿಯೊಬ್ಬರಿಗೂ ಕೆಲಸಕ್ಕೆ ಸೇರುವಾಗ ಮತ್ತು ಆಮೇಲೆ ವರ್ಷಕ್ಕೊಮ್ಮೆಯಾದರೂ ತರಬೇತಿ ಕೊಡಬೇಕು. ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆಯನ್ನೂ ಹಾಕಿಸಬೇಕು. ತರಬೇತಿ ಸಿಗದವರು ಎಷ್ಟು ಮಂದಿ ಎಂದು ವಾರ್ಷಿಕ ವರದಿಯಲ್ಲಿ ತೋರಿಸಬೇಕು. ನಡೆಯುವುದು ಬೇರೆಯೇ. ಮಧ್ಯಾಹ್ನ ಒಂದು ಗಂಟೆ ಪ್ರೊಜೆಕ್ಟರ್ ಭಾಷಣ, ಹಾಜರಿ ಪುಸ್ತಕಕ್ಕೆ ಸಹಿ, ಚಹಾ. ಸ್ಲೈಡುಗಳೂ ಬಹುಪಾಲು ಇಂಗ್ಲಿಷಿನಲ್ಲಿ. ಕೆಂಪು ಚೀಲ, ಹಳದಿ ಚೀಲ ಹೊತ್ತೊಯ್ಯುವ ಹೊರಗುತ್ತಿಗೆಯ ಹೆಣ್ಣುಮಗಳು ಆ ಹೊತ್ತಿಗೆ ನೆಲ ಒರೆಸುತ್ತಿರುತ್ತಾಳೆ. ಎಲ್ಲರಿಗಿಂತ ಮೊದಲು ಸೂಜಿ ಚುಚ್ಚಿಸಿಕೊಳ್ಳುವವಳು ಅವಳೇ.

ಇನ್ನೊಂದು ಮಾತು. ಸೂಜಿ ಚುಚ್ಚಿದರೆ, ಸ್ಯಾಂಪಲ್ ಚೆಲ್ಲಿದರೆ ನಮ್ಮವರು ಬಾಯಿ ಬಿಡುವುದಿಲ್ಲ. ಹೇಳಿದರೆ ಮೆಮೊ ಬರುತ್ತದೆಂಬ ಹೆದರಿಕೆ. ಗುತ್ತಿಗೆಯವರಿಗೆ ಕೆಲಸವೇ ಹೋಗುತ್ತದೆಂಬ ಹೆದರಿಕೆ. ಎಚ್ಐವಿ ಭಯವಿದ್ದಾಗ ತಡೆಗಟ್ಟುವ ಔಷಧವನ್ನು 72 ಗಂಟೆಯೊಳಗೆ ಶುರು ಮಾಡಬೇಕು. ಮುಚ್ಚಿಟ್ಟ ಪ್ರತಿ ಗಂಟೆಯೂ ಆ ಜೀವಕ್ಕೆ ನಷ್ಟ.

ಆದ್ದರಿಂದ ಮಾನ್ಯರೇ, ನನ್ನ ಕೋರಿಕೆ ಇಷ್ಟು. ತಾಲ್ಲೂಕು ಆಸ್ಪತ್ರೆಯ ಲ್ಯಾಬಿಗೇ ತರಬೇತುದಾರರನ್ನು ಕಳಿಸಿ, ಅಲ್ಲಿರುವ ಯಂತ್ರದ ಮೇಲೆಯೇ, ಕನ್ನಡದಲ್ಲಿ, ಕೈಯಿಂದ ಮಾಡಿಸಿ ಕಲಿಸಲಿ. ಹೊರಗುತ್ತಿಗೆಯವರನ್ನೂ ಸ್ವಚ್ಛತಾ ಸಿಬ್ಬಂದಿಯನ್ನೂ ಅದೇ ಸಾಲಿನಲ್ಲಿ ಕೂರಿಸಲಿ. ಅವಘಡವನ್ನು ತಾವಾಗಿ ವರದಿ ಮಾಡಿದವರ ಮೇಲೆ ಶಿಸ್ತುಕ್ರಮವಿಲ್ಲವೆಂದು ಲಿಖಿತ ಆದೇಶ ಹೊರಡಿಸಿ. ಮಂಗನ ಕಾಯಿಲೆಯ ರಕ್ತದ ಮಾದರಿಗಳು ಬರತೊಡಗುವ ಮೊದಲೇ, ಈ ವರ್ಷವೇ, ಮಲೆನಾಡಿನ ಜಿಲ್ಲೆಗಳಿಂದ ಇದನ್ನು ಆರಂಭಿಸಿ.

ಇಂತಿ,
ಒಬ್ಬ ನಿವೃತ್ತ ಸೂಕ್ಷ್ಮಜೀವಿ ತಜ್ಞೆ