ಶ್ಲೇಷಾದ್ರಿಪುರದ ಕಟ್ಟೆ

ಓದುಗ ಮಹಾಶಯರೇ, ಯಾವ ನಟಿಯ ಮದುವೆ ಯಾರ ಜೊತೆ, ಯಾವ ನಿರ್ಮಾಪಕರ ಚೆಕ್ಕು ಎಲ್ಲಿಂದ ವಾಪಸು ಬಂತು ಎಂಬ ಸುದ್ದಿಗಳೆಲ್ಲ ಮುಂದಿನ ಪುಟಗಳಲ್ಲಿವೆ. ಅವಸರ ಇರೋರು ಧಾರಾಳವಾಗಿ ಪುಟ ತಿರುಗಿಸಬಹುದು, ನನಗೇನೂ ಬೇಜಾರಿಲ್ಲ. ಬಸ್ಸು ಹೊರಡೋಕೆ ಇನ್ನೂ ಹತ್ತು ನಿಮಿಷ ಇದೆ ಅನ್ನೋರು ಮಾತ್ರ ಸ್ವಲ್ಪ ಸರಿದು ಕೂತ್ಕೊಳ್ಳಿ. ಈ ವಾರ ಮಾತಿನ ವಿಷಯವನ್ನೇ ಮಾತಾಡೋಣ.

ಮೊದಲು ಒಂದು ಸಣ್ಣ ಪ್ರಶ್ನೆ. ಕನ್ನಡಿಗರು ಮಾತನ್ನು ಏನು ಮಾಡುತ್ತಾರೆ? 'ಆಡು'ತ್ತಾರೆ! ಹಿಂದಿಯವರು ಮಾತನ್ನು 'ಮಾಡು'ತ್ತಾರೆ, 'ಬಾತ್ ಕರ್ನಾ' ಅಂತಾರಲ್ಲ, ಹಾಗೆ. ನಾವೂ ನಮ್ಮ ಪಕ್ಕದ ಮನೆಯ ತೆಲುಗಿನವರೂ ಹಾಗಲ್ಲ. ಚೆಂಡು ಆಡಿದ ಹಾಗೆ, ಚೌಕಾಬಾರ ಆಡಿದ ಹಾಗೆ ಮಾತನ್ನೂ ಆಡುತ್ತೇವೆ. ಮಾತು ಅಂದರೆ ಆಟದ ಸಾಮಾನು ಎಂದು ನಮ್ಮ ಅಜ್ಜಂದಿರು ಯಾವತ್ತೋ ತೀರ್ಮಾನ ಮಾಡಿಬಿಟ್ಟಿದ್ದಾರೆ. ಆಟ ಬರದವನಿಗೆ ಅದು ಬರೀ ಕಸರತ್ತು, ಬಲ್ಲವನಿಗೆ ಮಜಾ!

ಈ ಆಟ ಈಗಲೂ ನಡೆಯೋ ಒಂದು ಜಾಗ ನನಗೆ ಗೊತ್ತು. ಬೆಂಗಳೂರಿನ ಶೇಷಾದ್ರಿಪುರಂನಲ್ಲಿ ಒಂದು ಕಲ್ಲುಕಟ್ಟೆ. ಎದುರಿಗೆ ನಿಂತು ತಿನ್ನುವ ದರ್ಶಿನಿ, ತಲೆ ಮೇಲೆ ಹೊಂಗೆ ಮರ. ನಾವು ಐದು ಜನ. ಬಿ.ಟಿ.ಎಸ್. ಕಾಲದಿಂದ ಟಿಕೆಟ್ಟು ಹರಿದು ನಿವೃತ್ತರಾದ ಕಂಡಕ್ಟರು, ಕನ್ನಡ ಪಾಠ ಹೇಳಿದ ಟೀಚರಮ್ಮ, ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದ ಪ್ರೂಫ್ ಮಾಸ್ತರು, ಒಬ್ಬರು ಬ್ಯಾಂಕಿನವರು, ಮತ್ತೆ ನಾನು. ಹೆಸರು ಹಾಕಬೇಡಿ ಅಂತ ನಾಲ್ವರದೂ ಅಪ್ಪಣೆಯಾಗಿದೆ. ಹಾಕಿದರೆ ಕಾಫಿ ಬಂದ್!

ಕಾಫಿ ಅಂದ ಕೂಡಲೇ ನೆನಪಾಯ್ತು. ಒಂದು ದಿನ ದರ್ಶಿನಿಯ ಹುಡುಗ ಬಿಳೀ ಕಾಫಿ ತಂದಿಟ್ಟ. ಪ್ರೂಫ್ ಮಾಸ್ತರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು, "ಮಗೂ, ಹಾಲು ಹೆಚ್ಚಾದರೆ ಕಾಫಿ ಹಾಳು!" ಅಂದರು. ಲಕಾರ ಳಕಾರಗಳ ಮಧ್ಯೆ ಮೂವತ್ತು ವರ್ಷ ಕಣ್ಣು ಸವೆಸಿದವರು ಅವರು. ಅದೇ ಉಸಿರಿನಲ್ಲಿ ತರಕಾರಿ ಮಾರುಕಟ್ಟೆಯ ಇಡೀ ಅರ್ಥಶಾಸ್ತ್ರವನ್ನೂ ಹೇಳಿ ಮುಗಿಸಿದರು. "ಬೆಳೆದವನಿಗೆ ಬೆಲೆ ಸಿಗಲ್ಲ, ಬೆಲೆ ಕೊಟ್ಟವನಿಗೆ ಒಳ್ಳೇ ಬೆಳೆ ಸಿಗಲ್ಲ, ಮಧ್ಯೆ ಕೂತೋನ ಬೇಳೆ ಮಾತ್ರ ಬೇಯ್ತಾ ಇರುತ್ತೆ!"

ಟೀಚರಮ್ಮ ಸುಮ್ಮನಿರೋ ಪೈಕಿಯೇ? ಅವರ ಬೀದಿಗೆ ಎರಡು ದಿನದಿಂದ ನೀರು ಬಂದಿರಲಿಲ್ಲ. "ನಲ್ಲಿಯಲ್ಲಿ ನೀರು ಬಾರದ ದಿನ ನಲ್ಲೆಯ ಕಣ್ಣಲ್ಲಿ ಬರುತ್ತೆ. ಆದರೆ ನಲ್ಲನಿಗೇನು? ಕೊಡ ಕೊಡು ಅಂದರೆ ಕೊಡ!" ಅಂದರು. ಬ್ಯಾಂಕಿನವರಿಗೆ ಅರ್ಥವಾಗಲಿಲ್ಲ. ಮೊದಲನೇ ಕೊಡ ಪಾತ್ರೆ, ಕೊನೇ ಕೊಡ ನಿಷೇಧ, ಅಂದರೆ ಕೊಡಲಾರ ಅಂತ ಟೀಚರಮ್ಮ ಅಲ್ಲೇ ವ್ಯಾಕರಣ ಪಾಠ ಮಾಡಿದರು. ಅರ್ಥವಾದ ಮೇಲೆ ಬ್ಯಾಂಕಿನವರು ಬಡ್ಡಿ ಸಮೇತ ನಕ್ಕರು. ಆಮೇಲೆ ತಮ್ಮದೊಂದನ್ನೂ ಸೇರಿಸಿದರು. "ರಾಮ ಬಿಲ್ಲು ಮುರಿದು ಸೀತೆಯನ್ನ ಮದುವೆಯಾದ. ನಾವು ಮದುವೆಯಾದ ಮೇಲೆ ಬಿಲ್ಲು ಕಟ್ತಾನೇ ಇದ್ದೀವಿ!"

* * *

ಈ ಬಡಾವಣೆಯ ಹೆಸರಿನಲ್ಲೇ ಒಂದು ತಮಾಷೆ ಅಡಗಿದೆ ನೋಡಿ. ಹೆಸರು ಬಂದದ್ದು 1883ರಿಂದ 1901ರ ತನಕ ಮೈಸೂರಿನ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರಿಂದ. ಹೆಸರಘಟ್ಟದ ನೀರು ಪಟ್ಟಣಕ್ಕೆ ಬಂದದ್ದು, ಶಿವನಸಮುದ್ರದ ವಿದ್ಯುತ್ ಯೋಜನೆಗೆ ಕೈ ಹಾಕಿದ್ದು ಅವರ ಕಾಲದಲ್ಲಿ. ಶೇಷ ಅಂದರೆ ಆದಿಶೇಷ, ಅದ್ರಿ ಅಂದರೆ ಬೆಟ್ಟ. ಪಕ್ಕದಲ್ಲೇ ಸರ್ಪೆಂಟೈನ್ ರಸ್ತೆ! ಅಂದರೆ ಸಂಸ್ಕೃತದ ಹಾವೂ ಇಂಗ್ಲಿಷಿನ ಹಾವೂ ಒಂದೇ ಪಿನ್‌ಕೋಡಿನಲ್ಲಿ ಹೊಂದಿಕೊಂಡು ಸಂಸಾರ ಮಾಡ್ತಾ ಇವೆ.

ಶೇಷಕ್ಕೆ ಇನ್ನೊಂದು ಅರ್ಥ ಉಂಟಲ್ಲ, ಭಾಗಾಕಾರದಲ್ಲಿ ಕೊನೆಗೆ ಉಳಿಯೋದು? ಸಿನಿಮಾ ಮಂದಿಗೆ ಆ ಅರ್ಥವೇ ಹೆಚ್ಚು ಗೊತ್ತು. ಈ ಸುತ್ತಿನಲ್ಲಿದ್ದ ಸ್ವಸ್ತಿಕ್ ಟಾಕೀಸು ಹೋಯಿತು, ಬಾಯಲ್ಲಿ 'ಸ್ವಸ್ತಿಕ್' ಅನ್ನೋ ಸ್ಟಾಪು ಮಾತ್ರ ಶೇಷ. ಆಚೆ ಕಡೆ ಮೆಜೆಸ್ಟಿಕ್ ಟಾಕೀಸು ಹೋಯಿತು. ಆದರೆ ಇವತ್ತಿಗೂ ರಾಜ್ಯದ ಯಾವ ಮೂಲೆಯಿಂದ ಬಸ್ಸು ಹತ್ತಿದವನೂ 'ಮೆಜೆಸ್ಟಿಕ್‌ನಲ್ಲಿ ಇಳೀತೀನಿ' ಅಂತಾನೇ ಅನ್ನೋದು. ಕಟ್ಟಡ ಬಿದ್ದರೂ ಮಾತು ಬೀಳಲಿಲ್ಲ. ಇಟ್ಟಿಗೆಗಿಂತ ಮಾತು ಗಟ್ಟಿ ಸ್ವಾಮೀ!

ನಮ್ಮ ಟೀಚರಮ್ಮ ಈ ಊರಿಗೆ ಒಂದು ಒತ್ತು ಜಾಸ್ತಿ ಕೊಟ್ಟು 'ಶ್ಲೇಷಾದ್ರಿಪುರಂ' ಎಂದು ಮರುನಾಮಕರಣ ಮಾಡಿದ್ದಾರೆ. ಒಂದೇ ಪದದಲ್ಲಿ ಎರಡರ್ಥ ಇಟ್ಟರೆ ಅದು ಶ್ಲೇಷೆ. ಶ್ಲೇಷ ಅಂದರೆ ಅಪ್ಪುಗೆ ಅಂತ ಮೂಲಾರ್ಥವಂತೆ. ಎರಡು ಅರ್ಥಗಳು ಒಂದನ್ನೊಂದು ತಬ್ಬಿಕೊಂಡಿರುತ್ತವೆ. ಎಷ್ಟು ಚೆನ್ನಾದ ಹೆಸರು ಅಲ್ಲವೇ? ಲಕ್ಷ್ಮೀಶನ ಜೈಮಿನಿ ಭಾರತವನ್ನು ಗಮಕಿಗಳು ಹಾಡಿ, ಪಕ್ಕದಲ್ಲಿ ಕೂತವರು ಒಂದೊಂದೇ ಅರ್ಥ ಬಿಡಿಸುವಾಗ, ಓದು ಬಾರದ ಮುದುಕಿಯರೂ ಜಗಲಿಯ ಮೇಲೆ ಕೂತು ತಲೆದೂಗುತ್ತಿದ್ದರು. ಶ್ಲೇಷೆ ಅಂದರೆ ಪಂಡಿತರ ಸೊತ್ತು ಅಂತ ಯಾರು ಹೇಳಿದ್ದು?

ಆಮೇಲೆ ಬಂದವರು ಟಿ.ಪಿ. ಕೈಲಾಸಂ. 1884ರಲ್ಲಿ ಹುಟ್ಟಿ, ಲಂಡನ್ನಿಗೆ ಹೋಗಿ ಭೂಗರ್ಭಶಾಸ್ತ್ರ ಕಲಿತು ಬಂದು, ಕೊನೆಗೆ ನಮ್ಮ ಮಧ್ಯಮ ವರ್ಗದ ಮನೆಗಳ ಗರ್ಭವನ್ನೇ ಅಗೆದರು! ಕನ್ನಡಕ್ಕೆ ಇಂಗ್ಲಿಷು ಬೆರೆಸಿ ಆಡುವ ಬೆಂಗಳೂರಿನ ಮಾತನ್ನ ಇದ್ದಕ್ಕಿದ್ದ ಹಾಗೇ ರಂಗಕ್ಕೆ ಹತ್ತಿಸಿದರು. 'ಟೊಳ್ಳುಗಟ್ಟಿ' ಎಂಬ ಹೆಸರಿನಲ್ಲೇ ಟೊಳ್ಳೂ ಗಟ್ಟಿಯೂ ಅಕ್ಕಪಕ್ಕ ಕೂತಿವೆ ನೋಡಿ. 1942ರಲ್ಲಿ ವೈದ್ಯರಾಗಿದ್ದ ರಾಶಿ 'ಕೊರವಂಜಿ' ಶುರು ಮಾಡಿದರು, ಇಪ್ಪತ್ತೈದು ವರ್ಷ ನಡೆಸಿದರು. ಔಷಧಿ ಒಂದು ಕಡೆ, ನಗೆ ಇನ್ನೊಂದು ಕಡೆ. ನಾ. ಕಸ್ತೂರಿ ಅರ್ಥಕೋಶಕ್ಕೆ ಒಂದು ಅಕ್ಷರ ಕೂಡಿಸಿ 'ಅನರ್ಥಕೋಶ' ಬರೆದರು. ಬೀchi ಅಂತ ಸಹಿ ಹಾಕುತ್ತಿದ್ದ ಬೀಚಿಯವರಂತೂ ಆತ್ಮಕಥೆಗೆ 'ನನ್ನ ಭಯಾಗ್ರಫಿ' ಅಂತಲೇ ಹೆಸರಿಟ್ಟರು. ತನ್ನ ಬಾಳನ್ನು ತಾನೇ ನೋಡಿ ಬರೆಯೋ ಭಯ, ಆ ಭಯಕ್ಕೇ ನಗು, ಎರಡೂ ಒಂದೇ ಪದದಲ್ಲಿ!

* * *

ಈಗ ನಮ್ಮ ಪತ್ರಿಕೆಯ ಅಂಗಳಕ್ಕೆ ಬರೋಣ. ಸಿನಿಮಾದಲ್ಲಿ ಈ ಶ್ಲೇಷೆ ಏನಾಯಿತು?

ನಿಜ ಹೇಳಬೇಕಂದ್ರೆ ಅದಕ್ಕೆ ಅಡ್ಡಹೆಸರು ಬಿತ್ತು. 'ಡಬಲ್ ಮೀನಿಂಗ್' ಅಂತ. 1984ರಲ್ಲಿ ಕಾಶಿನಾಥ್ ಅವರ 'ಅನುಭವ' ಬಂದ ಮೇಲೆ ಗಾಂಧಿನಗರದ ಬಾಯಲ್ಲಿ ಈ ಪದ ಖಾಯಂ ಆಯಿತು. ಅವರ ಚಿತ್ರಗಳಲ್ಲಿ ಮುಜುಗರದ ಹಿಂದೆ ಒಂದು ಕತೆಯಾದರೂ ಇರುತ್ತಿತ್ತು. ಹಿಂದೆ ಬಂದ ಅನೇಕರು ಕತೆ ಬಿಟ್ಟು ಮುಜುಗರವನ್ನು ಮಾತ್ರ ಇಟ್ಟುಕೊಂಡರು. ತರಕಾರಿ ಹೆಸರು ಹೇಳು, ಕಣ್ಣು ಹೊಡಿ, ಡೋಲು ಬಾರಿಸು... ಮುಗೀತು ಹಾಸ್ಯ!

ಟೀಚರಮ್ಮ ಮೊಮ್ಮಗಳ ಜೊತೆ ಅಂಥದ್ದೊಂದು ಚಿತ್ರಕ್ಕೆ ಹೋಗಿ ಇಂಟರ್‌ವಲ್‌ಗೇ ಎದ್ದು ಬಂದಿದ್ದರು. ಕಟ್ಟೆಯ ಮೇಲೆ ಅವರು ಹೇಳಿದ್ದು ಒಂದೇ ಮಾತು. "ಎರಡರ್ಥ ಎರಡರ್ಥ ಅಂತಾರೆ. ಮೂರು ಗಂಟೆ ಪೂರ್ತಿ ಕೂತರೂ ಅಲ್ಲಿರೋದು ಒಂದೇ ಅರ್ಥ!"

ಎಂಥ ಮಾತು ನೋಡಿ! ಶ್ಲೇಷೆಯಲ್ಲಿ ಎರಡೂ ಅರ್ಥ ಜೀವಂತ ಇರಬೇಕು. ಬಿಲ್ಲು ಧನುಸ್ಸೂ ಹೌದು, ಹೋಟೆಲ್ಲಿನ ಚೀಟಿಯೂ ಹೌದು. ಒಂದು ಅರ್ಥ ಬರೀ ಮುಸುಕಾಗಿ, ಇನ್ನೊಂದು ಅದರ ಹಿಂದೆ ಹಲ್ಲು ಕಿರಿದರೆ ಅದು ಅಪ್ಪುಗೆಯಲ್ಲ, ಮೈಮೇಲೆ ಬೀಳೋದು. ಅಪ್ಪುಗೆಗೂ ಮೈಮೇಲೆ ಬೀಳೋದಕ್ಕೂ ವ್ಯತ್ಯಾಸ ಇಲ್ಲವೇ? ನಮ್ಮ ಹೆಣ್ಣುಮಕ್ಕಳನ್ನ ಕೇಳಿ, ಕತ್ತಲಲ್ಲೂ ಹೇಳುತ್ತಾರೆ.

ಹಾಗಂತ ಸಿನಿಮಾದವರಿಗೆ ಆಟ ಬರೋದೇ ಇಲ್ಲ ಅಂದರೆ ಪಾಪ ಬಂದೀತು. 1990ರ 'ಗಣೇಶನ ಮದುವೆ' ನೋಡಿ. ಒಂದು ವಠಾರ, ಅನಂತನಾಗ್, ಜಗಳ, ಮಾತಿಗೆ ಮಾತು. ಮನೆಮಂದಿಯೆಲ್ಲ ಒಟ್ಟಿಗೆ ಕೂತು ನಕ್ಕರು. ನಿರ್ದೇಶಕರು ಫಣಿ ರಾಮಚಂದ್ರ. ಫಣಿ ಅಂದರೂ ಹಾವೇ, ಶೇಷ ಅಂದರೂ ಹಾವೇ, ಆದರೆ ಆ ಚಿತ್ರದಲ್ಲಿ ವಿಷ ಮಾತ್ರ ಇಲ್ಲ! 1998ರಲ್ಲಿ ಉಪೇಂದ್ರ ತಮ್ಮ ಚಿತ್ರಕ್ಕೆ 'ಎ' ಎಂಬ ಒಂದೇ ಅಕ್ಷರ ಇಟ್ಟು, ಸೆನ್ಸಾರಿನ ಸರ್ಟಿಫಿಕೇಟನ್ನೇ ಹೆಸರೋ ಹೆಸರನ್ನೇ ಸರ್ಟಿಫಿಕೇಟೋ ಅಂತ ಪೋಸ್ಟರ್ ನೋಡಿದವರು ತಲೆ ಕೆರೆದುಕೊಳ್ಳೋ ಹಾಗೆ ಮಾಡಿದರು. ಬುದ್ಧಿ ಇದೆ ಸ್ವಾಮಿ. ಬೇಕಾಗಿರೋದು ಶ್ರದ್ಧೆ.

ನಮ್ಮ ಕಟ್ಟೆಗೂ ಒಂದು ಸೆನ್ಸಾರ್ ಇದೆ. ಯಾರ ಮೈಬಣ್ಣದ ಮೇಲೂ ಆಡಬಾರದು, ಜಾತಿಯ ಮೇಲೆ ಆಡಬಾರದು, ಯಾರ ಊರಿನ ಕನ್ನಡದ ಮೇಲೂ ಆಡಬಾರದು. ಈ ಮೂರನೇ ಕಾಯಿದೆ ಬಂದದ್ದು ಕಂಡಕ್ಟರಿಂದ. ಹಳ್ಳಿಯಿಂದ ಬಂದ ಹೊಸದರಲ್ಲಿ ಅವರು ಹಕಾರವನ್ನು ಅಕಾರ ಮಾಡಿ ಸ್ಟಾಪಿನ ಹೆಸರು ಕೂಗಿದಾಗ ಬಸ್ಸಿನಲ್ಲಿ ಕೂತ ಪ್ಯಾಂಟಿನವರು ನಗುತ್ತಿದ್ದರಂತೆ. "ದೊಡ್ಡ ನೋಟು ಹಿಡಿದೋರು ಚಿಲ್ಲರೆ ಬುದ್ಧಿ ತೋರಿಸಿದ್ದನ್ನ ಬೇಕಾದಷ್ಟು ನೋಡಿದೀನಿ" ಅಂತ ಅವರು ಈಗ ನಗುತ್ತಲೇ ಹೇಳುತ್ತಾರೆ. ಆದರೆ ನಲವತ್ತು ವರ್ಷವಾದರೂ ಮರೆತಿಲ್ಲ ಅನ್ನೋದನ್ನ ಗಮನಿಸಿ. ಮಾತು ಆಟದ ಸಾಮಾನು ನಿಜ, ಚೂಪಾದ ತುದಿಯೂ ಅದಕ್ಕೇ ಇರೋದು.

* * *

ಇದನ್ನೆಲ್ಲ ಯಾಕೆ ಬರೆದೆ ಅಂತ ಈಗ ಹೇಳಬೇಕು.

ಹೋದ ವರ್ಷ ಒಂದು ಬೆಳಿಗ್ಗೆ ಪ್ರೂಫ್ ಮಾಸ್ತರು ಕಟ್ಟೆಗೆ ಬರಲಿಲ್ಲ. ರಾತ್ರಿ ಮಿದುಳಿಗೆ ಆಘಾತವಾಗಿತ್ತು. ಬಲಗೈ ಬಲಗಾಲು ಸೋತಿದ್ದವು. ಅದಕ್ಕಿಂತ ಹೆಚ್ಚಾಗಿ ಮಾತು ಹೋಗಿತ್ತು. ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ಬಹಳ ಮಂದಿಗೆ ಹೀಗಾಗುತ್ತದಂತೆ. ನಾವು ಹೇಳಿದ್ದು ಅವರಿಗೆ ತಿಳೀತಿತ್ತು. ಲೋಟ ತೋರಿಸಿದರೆ ಕಣ್ಣು ಗುರುತಿಸುತ್ತಿತ್ತು, ನಾಲಿಗೆಗೆ ಮಾತ್ರ 'ಲೋಟ' ಸಿಗುತ್ತಿರಲಿಲ್ಲ. ಸಾವಿರಾರು ಪುಟಗಳಲ್ಲಿ ಒಂದು ಅಕ್ಷರ ಜಾರಿದರೂ ಹಿಡಿಯುತ್ತಿದ್ದ ಮನುಷ್ಯ, ತಮ್ಮ ಹೆಂಡತಿಯ ಹೆಸರು ಹುಡುಕುತ್ತಾ ಬೆವರುತ್ತಿದ್ದರು.

ಮಾತಿನ ಚಿಕಿತ್ಸೆ ಮಾಡಲು ಬರುತ್ತಿದ್ದ ಹುಡುಗಿ ನಮಗೊಂದು ವಿಷಯ ತಿಳಿಸಿದಳು. ಬಿಡಿ ಪದಗಳು ಸಿಗದೇ ಹೋದವರಿಗೂ ಒಮ್ಮೊಮ್ಮೆ ಬಾಯಿಗೆ ಕೂತುಬಿಟ್ಟ ಮಾತುಗಳು ಉಳಿದಿರುತ್ತವಂತೆ. ಒಂದರಿಂದ ಹತ್ತು, ವಾರದ ಹೆಸರುಗಳು, ದೇವರ ನಾಮ, ಗಾದೆ. ಸರಿ, ನಮಗೆ ಅಷ್ಟು ಸಾಕಾಯಿತು! ಕಟ್ಟೆಯನ್ನೇ ಅವರ ವರಾಂಡಕ್ಕೆ ಸಾಗಿಸಿದೆವು. ಟೀಚರಮ್ಮ "ಕೈ ಕೆಸರಾದರೆ..." ಅಂತ ಅರ್ಧಕ್ಕೆ ನಿಲ್ಲಿಸೋರು. ಮೊದಲ ವಾರ ಬರೀ ತುಟಿ ಅಲುಗಿತು. ಮೂರನೇ ವಾರ "ಮೊಸರು" ಬಂತು. ಮೊಸರಿಗೆ ನಾವು ಅಷ್ಟು ಸಂತೋಷಪಟ್ಟಿದ್ದು ಅದೇ ಮೊದಲು.

ಮಾಸ್ತರು ನಡಿಗೆ ಕೋಲು ಹಿಡಿದು ವರಾಂಡ ದಾಟಿದ ದಿನ ಕಂಡಕ್ಟರು ಸುಮ್ಮನೆ ಗಡಿಯಾರ ನೋಡಿ, "ಕಾಲ ಓಡ್ತಾ ಇದೆ ಮಾಸ್ತರೇ" ಅಂದರು. ಅದು ಕಟ್ಟೆಯ ಹಳೇ ಮಾತು, ಅದರ ಉತ್ತರಾರ್ಧ ಎಂದಿಗೂ ಮಾಸ್ತರದೇ ಪಾಲು. ಅವರು ಕೋಲಿನಿಂದ ತಮ್ಮ ಬಲಗಾಲನ್ನು ಮೆಲ್ಲಗೆ ಮುಟ್ಟಿದರು. ತುಂಬ ಹೊತ್ತು ಹುಡುಕಿದರು. ನಾವ್ಯಾರೂ ಎತ್ತಿಕೊಡಲಿಲ್ಲ. ಆಮೇಲೆ ಒಂದೊಂದೇ ಅಕ್ಷರ ಜೋಡಿಸಿದ ಹಾಗೆ, "ಕಾಲು... ಓಡಲ್ಲ" ಅಂದರು. ಅಂದು, ನಕ್ಕರು!

ಅದು ಬಾಯಿಪಾಠವೋ ನಿಜವಾದ ಮಾತೋ ಅಂತ ಆ ಹುಡುಗಿಯನ್ನು ಕೇಳಿದೆ. "ಮಾತು ಹಳೇದಿರಬಹುದು ಸಾರ್, ಕಾಲು ತೋರಿಸಿದ್ದು ಹೊಸದು" ಅಂದಳು.

ಅವರೇನೂ ಪೂರಾ ಗುಣವಾಗಿಲ್ಲ. ಸುಳ್ಳು ಬರೆದು ನಿಮಗೆ ಸುಖಾಂತ ಕೊಡಲಾರೆ. ಈಗಲೂ ಮೂರು ಪದದ ಮೇಲೆ ದಾಟೋದು ಕಷ್ಟ. ಉಳಿದದ್ದೇ ಶೇಷ. ಆದರೆ ಬಂದ ಮೂರು ಪದದಲ್ಲಿ ಒಂದಕ್ಕಾದರೂ ಎರಡರ್ಥ ಇರುತ್ತದೆ!

ಒಂದು ಬುದ್ಧಿಮಾತು ಮಾತ್ರ ನಗದೆ ಕೇಳಿ. ಯಾರದೇ ಬಾಯಿ ಒಂದು ಕಡೆ ಓರೆಯಾದರೆ, ಒಂದು ಕೈ ಮೇಲೇಳದಿದ್ದರೆ, ಮಾತು ತೊದಲಿದರೆ, ಬೆಳಗಾಗಲಿ ನೋಡೋಣ ಅಂತ ಕೂರಬೇಡಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಮದ್ದು ಕೊಡೋದಕ್ಕೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗಿನ ಸಮಯ ಮಾತ್ರ ಇರೋದು. ಆ ಸೌಕರ್ಯ ಇರೋ ದೊಡ್ಡ ಆಸ್ಪತ್ರೆಗೆ ಕೂಡಲೇ ಕರೆದುಕೊಂಡು ಹೋಗಿ. ಅಲ್ಲಿ ಕಾಲ ಅಂದರೆ ಎರಡನೇ ಅರ್ಥವೂ ಉಂಟು, ಯಮ!

ಇನ್ನು ನಿಮ್ಮ ಸರದಿ. ನಿಮ್ಮ ಮನೆಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ಹುಟ್ಟಿದ ಮಾತಿನಾಟ ಇದ್ದರೆ ಬರೆದು ಕಳಿಸಿ. ಎರಡೂ ಅರ್ಥ ಅಮ್ಮನ ಎದುರು ಹೇಳುವಂತಿರಬೇಕು, ಅಷ್ಟೇ ಷರತ್ತು. ಬಂದ ಕಾಗದಗಳನ್ನೆಲ್ಲ ವರಾಂಡದಲ್ಲಿ ಗಟ್ಟಿಯಾಗಿ ಓದುತ್ತೇನೆ. ತೀರ್ಪುಗಾರರು ಪ್ರೂಫ್ ಮಾಸ್ತರು. ತಪ್ಪು ಕಂಡರೆ ಹೇಳೋದಕ್ಕೆ ಅವರಿಗೆ ಮಾತೇ ಬೇಕಾಗಿಲ್ಲ, ಎಡಗೈಯಲ್ಲಿ ಕೆಂಪು ಪೆನ್ಸಿಲ್ ಹಿಡಿಯೋದನ್ನ ಈಗಾಗಲೇ ಕಲಿತಿದ್ದಾರೆ.