ಇರುಳಿಗೆ ಇರುಳಿರಲಿ



ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಾಡಂಚಿನ ಊರುಗಳಲ್ಲಿ ರಾತ್ರಿಯಿಡೀ ಉರಿಯುವ ಬೆಳ್ಳನೆಯ ಎಲ್‌ಇಡಿ ದೀಪದ ಕಂಬದ ಬುಡದಲ್ಲಿ, ಅಂಗೈಗಿಂತ ಅಗಲವಾದ ಅಟ್ಲಾಸ್ ಪತಂಗವೊಂದು ರೆಕ್ಕೆ ಹರಿದು ಬಿದ್ದಿರುವುದನ್ನು ಕಂಡಾಗ ಮನಸ್ಸು ಕಳವಳಗೊಳ್ಳುತ್ತದೆ. ಏಕೆಂದರೆ ಪ್ರೌಢಾವಸ್ಥೆಯಲ್ಲಿ ಆಹಾರವನ್ನೇ ಸೇವಿಸದೆ ಕೆಲವೇ ದಿನ ಬದುಕುವ ಆ ಜೀವಿಗೆ ಸಂಗಾತಿಯನ್ನರಸುವ ಒಂದೊಂದು ಇರುಳೂ ಅಮೂಲ್ಯವಾದುದು. ದೀಪದ ಮೋಹದಿಂದಲ್ಲ, ಬೆಳಕಿನತ್ತ ಬೆನ್ನೊಡ್ಡಿ ಹಾರುವ ಸಹಜ ಪ್ರವೃತ್ತಿಯಿಂದಲೇ ಕೀಟಗಳು ದಿಕ್ಕುಗೆಟ್ಟು ಅದನ್ನು ಸುತ್ತುತ್ತವೆಂದು 2024ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ. ಮುಂಗಾರಿಗೆ ಮುನ್ನ ಮಿನುಗುವ ಮಿಂಚುಹುಳುಗಳ ಪ್ರಣಯಸಂಕೇತವೂ ಈ ಪ್ರಭೆಯಲ್ಲಿ ಮಸುಕಾಗುತ್ತದೆ. ಆದುದರಿಂದ ಪಂಚಾಯಿತಿಗಳು, ವಿಶೇಷತಃ ಭದ್ರಾ ಅಭಯಾರಣ್ಯದ ಸಮೀಪದಲ್ಲಿ, ದೀಪಗಳಿಗೆ ಕೆಳಮುಖದ ಮರೆಯನ್ನು ತೊಡಿಸಿ, ಹಳದಿ ಬೆಳಕಿನ ಬಲ್ಬುಗಳನ್ನು ಹಾಕಿಸಿ, ಜನಸಂಚಾರ ನಿಂತ ಬಳಿಕ ಅವುಗಳನ್ನು ಆರಿಸಬೇಕೆಂದು ವಿನಂತಿಸುತ್ತೇನೆ.

– ಓದುಗರೊಬ್ಬರು, ಕೊಪ್ಪ